ಟೋಲ್‌ಗೇಟಿನಿಂದ ಮನೆಯವರೆಗೆ

ಇದು ಎಂಬತ್ತರ ದಶಕದ ಮಾತು. ಮಾಗಡಿ ರಸ್ತೆಯ ಟೋಲ್‌ಗೇಟಿನ ಹತ್ತಿರ ಒಂದು ಪ್ರೆಸ್ಸಿನಲ್ಲಿ ನಾನು ಕಂಪೋಸಿಟರ್ ಆಗಿದ್ದೆ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ, ಸಾಲಿಗೆ ಸಾಲು ಜೋಡಿಸಿ, ಪುಟ ಕಟ್ಟುವುದು ನನ್ನ ಕೆಲಸ. ಮದುವೆ ಕರೆಯೋಲೆ, ವೈಕುಂಠ ಸಮಾರಾಧನೆಯ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ, ಏನು ಬಂದರೂ ಸೈ. ಕನ್ನಡದ ಮೊಳೆ ಜೋಡಿಸುವವನಿಗೆ ಕಣ್ಣಿಗಿಂತ ಬೆರಳು ಮುಖ್ಯ. ಅಕ್ಷರ ಬೇರೆ, ಕೊಂಬು ಬೇರೆ, ಒತ್ತು ಬೇರೆ. ನೂರಾರು ಮನೆಗಳಿರುವ ಮರದ ಪೆಟ್ಟಿಗೆಯಲ್ಲಿ ಯಾವುದು ಎಲ್ಲಿದೆ ಎಂದು ಬೆರಳೇ ನೆನಪಿಟ್ಟುಕೊಳ್ಳಬೇಕು. ನನ್ನ ಬೆರಳುಗಳಿಗೆ ಆ ನೆನಪಿತ್ತು. ಆದರೆ ಬೆಳಿಗ್ಗೆ ಒಂದು ಪ್ಯಾಕೆಟ್ ಸಾರಾಯಿ ಒಳಗೆ ಹೋಗದಿದ್ದರೆ ಅವು ಅಲುಗಾಡದೆ ನಿಲ್ಲುತ್ತಿರಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ, ಕಟ್ಟಿ ಮುಗಿಸಿದ್ದ ಒಂದು ಇಡೀ ಪುಟವನ್ನು ಮೆಷೀನಿನ ಕಡೆಗೆ ಒಯ್ಯುತ್ತಿದ್ದೆ. ಕೈ ಅದುರಿತು. ಪುಟ ನೆಲಕ್ಕೆ ಬಿತ್ತು. ಎರಡು ದಿನದ ಕೆಲಸ ಚಿಲ್ಲಾಪಿಲ್ಲಿಯಾಗಿ ಮೆಷೀನಿನ ಕೆಳಕ್ಕೆ, ಬೀರುವಿನ ಸಂದಿಗೆ, ಬಚ್ಚಲ ತೂಬಿನವರೆಗೂ ಉರುಳಿಹೋಯಿತು. ಸದ್ದು ಕೇಳಿ ಮಾಲೀಕರಾದ ರಾಯರು ಒಳಗಿನಿಂದ ಬಂದರು. ಬೈಯುತ್ತಾರೆಂದು ಕಾದೆ. ಅವರು ಪಂಚೆ ಮೇಲಕ್ಕೆ ಕಟ್ಟಿ, ನನ್ನ ಪಕ್ಕದಲ್ಲೇ ಮಂಡಿಯೂರಿ ಮೊಳೆ ಹೆಕ್ಕತೊಡಗಿದರು.

"ನಂಜುಂಡ, ನಾಳೆ ಕೆಲಸಕ್ಕೆ ಬರಬೇಡ," ಎಂದರು ಕೊನೆಗೆ.

ನಾನು ಹೆಕ್ಕುವುದನ್ನು ನಿಲ್ಲಿಸಿದೆ.

"ಆಸ್ಪತ್ರೆಗೆ ಹೋಗು. ವಾಸಿ ಮಾಡ್ಕೊಂಡು ಬಾ. ಅಲ್ಲೀವರೆಗೂ ನಿನ್ನ ಪೆಟ್ಟಿಗೆ ಯಾರೂ ಮುಟ್ಟಲ್ಲ."

"ನನಗೇನಾಗಿದೆ ಸಾರ್? ಸ್ವಲ್ಪ ಸುಸ್ತು, ಅಷ್ಟೆ."

ರಾಯರು ನನ್ನ ಮುಖ ನೋಡಲಿಲ್ಲ. ಬೀರುವಿನ ಸಂದಿಗೆ ಕೈ ತೂರಿಸಿ ಒಂದು ಮೊಳೆ ತೆಗೆಯುತ್ತಾ, "ನಮ್ಮಪ್ಪನೂ ಹೀಗೇ ಹೇಳ್ತಿದ್ರು," ಎಂದರು.

ನನ್ನ ಮನೆ ವಿಜಯನಗರದ ಪಕ್ಕ, ಆರ್‌ಪಿಸಿ ಲೇಔಟಿನಲ್ಲಿ ಒಂದು ದೊಡ್ಡ ಮನೆಯ ಹಿತ್ತಲಿನಲ್ಲಿ. ಹೆಂಡತಿ ಸರೋಜ, ಎಂಟು ವರ್ಷದ ಮಗಳು ವೀಣಾ. ರಾಯರು ಹೇಳಿದ್ದನ್ನು ಸರೋಜಳಿಗೆ ಹೇಳಿದಾಗ ಅವಳು ಅಳಲಿಲ್ಲ, ಬೈಯಲಿಲ್ಲ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, "ಬೆಳಿಗ್ಗೆ ಎಷ್ಟೊತ್ತಿಗೆ ಹೊರಡಬೇಕು?" ಎಂದಳು, ಬಹಳ ದಿನದಿಂದ ಈ ಮಾತಿಗೇ ಕಾದಿದ್ದವಳ ಹಾಗೆ.

ಸುದ್ದಿ ತಿಳಿದು ನಾಯಂಡಹಳ್ಳಿಯಿಂದ ನಮ್ಮಣ್ಣ ಬಂದ. ಬಂದವನೇ ಕೂಗಾಡಿದ.

"ಗಂಡಸಾಗಿ ಮನಸ್ಸು ಗಟ್ಟಿ ಮಾಡ್ಕೊಳ್ಳೋದು ಬಿಟ್ಟು ಹುಚ್ಚಾಸ್ಪತ್ರೆಗೆ ಹೋಗ್ತೀಯೇನೋ? ನಾಳೆ ನಿನ್ನ ಮಗಳನ್ನ ಯಾರು ಮದುವೆ ಆಗ್ತಾರೆ?"

"ಭಾವ, ಅವಳಿಗಿನ್ನೂ ಏಳರ ಮಗ್ಗಿ ಬಾಯಿಗೆ ಬಂದಿಲ್ಲ. ಮದುವೆ ಆಮೇಲೆ ನೋಡೋಣ," ಎಂದಳು ಸರೋಜ. ಕಾಫಿ ಕೊಟ್ಟು ಕಳಿಸಿದಳು.

ಆಸ್ಪತ್ರೆಯಲ್ಲಿ ಕಾಯುವ ಜಾಗವೆಂದರೆ ಒಂದು ಉದ್ದನೆಯ ಜಗಲಿ, ಎರಡೂ ಬದಿಗೆ ಬೆಂಚು. ಅಲ್ಲಿ ಕೂತವರೆಲ್ಲ ತಮ್ಮನ್ನು ಯಾರೂ ನೋಡದಿರಲಿ ಎಂದು ನೆಲ ನೋಡುತ್ತಾರೆ. ನಾನೂ ನೋಡಿದೆ. ಎದ್ದು ಓಡಿಹೋಗಲು ಮೂರು ಸಲ ನೆಪ ಹುಡುಕಿದೆ. ಮೂರು ಸಲವೂ ಸರೋಜ, "ನಾನೂ ಬರ್ತೀನಿ ಇರಿ," ಎಂದು ಎದ್ದಳು.

ನಮ್ಮ ಎದುರಿಗೆ ತುಂಬುತೋಳಿನ ಇಸ್ತ್ರಿ ಅಂಗಿ ತೊಟ್ಟ, ನನ್ನ ವಯಸ್ಸಿನವರೇ ಒಬ್ಬರು, ಪಕ್ಕದಲ್ಲಿ ಅವರ ಮುದಿ ತಾಯಿ. ಬಸವೇಶ್ವರನಗರದವರು; ಆತ ಬ್ಯಾಂಕಿನಲ್ಲಿ ಗುಮಾಸ್ತ, ಹೆಸರು ಮೂರ್ತಿ ಎಂದು ತಾಯಿಯೇ ಹೇಳಿದರು. ಮಧ್ಯಾಹ್ನವಾಯಿತು. ಸರೋಜ ಚಿತ್ರಾನ್ನದ ಡಬ್ಬಿ ಬಿಚ್ಚಿ, ಎದುರಿನವರಿಗೂ ಒಂದೊಂದು ಹಿಡಿ ಎಲೆಗೆ ಹಾಕಿ ಕೊಟ್ಟಳು. ಮೂರ್ತಿ ಒಂದು ತುತ್ತು ಬಾಯಿಗಿಟ್ಟರು. ಅಗಿದರು. "ಉಪ್ಪು ಕಮ್ಮಿ," ಎಂದರು.

ಸರೋಜಳ ಮುಖ ಕೆಂಪಾಯಿತು. ಅಷ್ಟರಲ್ಲಿ ಆ ತಾಯಿ ಅವಳ ಕೈ ಹಿಡಿದು ಅಳಲು ಶುರುಮಾಡಿದರು. "ಹನ್ನೊಂದು ದಿನ ಆಗಿತ್ತು ಕಣಮ್ಮ, ನನ್ನ ಮಗ ಬಾಯಿ ಬಿಟ್ಟು!"

ಆಮೇಲೆ ಎಷ್ಟೋ ವರ್ಷ, ಅಡುಗೆ ಹೇಗಿದೆ ಎಂದು ಯಾರನ್ನಾದರೂ ಕೇಳುವಾಗ ಸರೋಜ, "ಉಪ್ಪು ಕಮ್ಮಿ ಅಂದ್ರೂ ಬೇಜಾರಿಲ್ಲ, ಮಾತಾಡಿ," ಎನ್ನುತ್ತಿದ್ದಳು.

ನನ್ನನ್ನು ಅಂದೇ ಸೇರಿಸಿಕೊಂಡರು. ಮೊದಲ ನಾಲ್ಕೈದು ದಿನದ ಬಗ್ಗೆ ಹೆಚ್ಚು ಹೇಳಲಾರೆ. ಮೈ ನನ್ನದಾಗಿರಲಿಲ್ಲ. ವಾರ್ಡಿನ ಬಿಳೀ ಗೋಡೆಯ ಮೇಲೆ ಅಚ್ಚುಮೊಳೆಯ ವಟ್ರಸುಳಿಗಳು ಇರುವೆಯ ಹಾಗೆ ಸಾಲುಗಟ್ಟಿ ಹತ್ತುವುದು ಕಾಣುತ್ತಿತ್ತು. ಅವನ್ನು ಹೆಕ್ಕಿ ಪೆಟ್ಟಿಗೆಗೆ ಹಾಕಬೇಕೆಂದು ನಾನು ಗೋಡೆ ಪರಚುತ್ತಿದ್ದೆನಂತೆ. ಭಯವೆಂದರೆ ಏನೆಂದು ನನಗೆ ಗೊತ್ತಾದದ್ದು ಆಗ. ಆದರೆ ಐದನೇ ದಿನವೋ ಆರನೆಯದೋ, ಬೆಳಿಗ್ಗೆ ಎದ್ದು ನೋಡಿದರೆ ಗೋಡೆ ಬರೀ ಗೋಡೆಯಾಗಿತ್ತು. ಪಕ್ಕದ ಮಂಚದಲ್ಲಿ ಮೂರ್ತಿ ಕೂತಿದ್ದರು. ಅವರನ್ನೂ ಸೇರಿಸಿಕೊಂಡಿದ್ದರು.

"ಅಕ್ಷರ ಎಲ್ಲಾ ಹೋಯ್ತಾ?" ಎಂದು ಕೇಳಿದರು.

"ಹೋಯ್ತು."

"ಒಳ್ಳೇದಾಯ್ತು. ಕಾಗುಣಿತ ಬಹಳ ತಪ್ಪಿತ್ತು," ಎಂದರು. ತಮಾಷೆಗೆ ಹೇಳಿದರೋ ಇಲ್ಲವೋ ತಿಳಿಯಲಿಲ್ಲ. ನನಗೆ ನಗು ಬಂತು. ಕುಡಿಯದೆ ನಗು ಬಂದು ಎಷ್ಟು ವರ್ಷವಾಗಿತ್ತೋ!

ನಮ್ಮನ್ನು ನೋಡುತ್ತಿದ್ದ ಡಾಕ್ಟರಮ್ಮನಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಒಂದು ದಿನ ಧೈರ್ಯ ಮಾಡಿ ಕೇಳಿದೆ. "ಇದು ಕೆಟ್ಟ ಚಟ ಅಲ್ವಾ ಡಾಕ್ಟ್ರೇ? ಕಾಯಿಲೆ ಅಂತ ಯಾಕಂತೀರ?"

"ಚಟ ಅಂತ ಶುರುವಾಗಿರಬಹುದು. ಈಗ ಕಾಯಿಲೆ. ಬೈದ್ರೆ ವಾಸಿಯಾಗೋ ಹಾಗಿದ್ರೆ ನಿಮ್ಮನೆಯವ್ರು ಯಾವತ್ತೋ ವಾಸಿ ಮಾಡಿಬಿಡ್ತಿದ್ರು."

ಮನೆಗೆ ಕಳಿಸುವ ಹಿಂದಿನ ದಿನ ಡಾಕ್ಟರಮ್ಮ ಸರೋಜಳನ್ನೂ ಕರೆಸಿ, ನನ್ನ ಮುಂದೆ ಒಂದು ಹಾಳೆ, ಪೆನ್ಸಿಲು ಇಟ್ಟರು. "ಪ್ರೆಸ್ಸಿಂದ ಮನೆಗೆ ಹೋಗೋ ದಾರಿ ಬರೀರಿ," ಎಂದರು. ಅರ್ಧ ಗಂಟೆಯ ನಡಿಗೆಯ ದಾರಿ. ಬರೆದೆ. "ಸಾರಾಯಿ ಅಂಗಡಿ ಎಲ್ಲೆಲ್ಲಿದೆ, ಗುರುತು ಹಾಕಿ." ಹಾಕಿದೆ. ನಾಲ್ಕಿದ್ದವು. "ಇದೇ ದಾರೀಲಿ ನಿಮ್ಮನ್ನ ಬಲ್ಲವರು ಯಾರಿದ್ದಾರೆ?"

"ಯಾರೂ ಇಲ್ಲ," ಎಂದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ವರ್ಷಗಟ್ಟಲೆ ಆ ದಾರಿಯಲ್ಲಿ ನಾಲ್ಕು ಬಾಗಿಲು ಬಿಟ್ಟು ಬೇರೇನೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸರೋಜ ಪೆನ್ಸಿಲನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಟೋಲ್‌ಗೇಟ್ ಬಸ್‌ಸ್ಟಾಪಲ್ಲಿ ಹೂವಿನ ಮುನಿಯಮ್ಮ ಇದ್ದಾರೆ. ಇಲ್ಲಿ ಸೈಕಲ್ ಶಾಪಿನ ಬಾಷಣ್ಣ. ಇಲ್ಲಿ ವೀಣಾ ಸ್ಕೂಲು, ಹೆಡ್‌ಮಿಸ್ ಕಮಲಮ್ಮನವರು ಸಾಯಂಕಾಲ ಐದು ಗಂಟೆವರೆಗೂ ಇರ್ತಾರೆ." ಒಂದೊಂದಕ್ಕೂ ಸೊನ್ನೆ ಸುತ್ತಿದಳು.

"ಇವರನ್ನೆಲ್ಲ ಕೇಳ್ತೀರಾ?" ಎಂದರು ಡಾಕ್ಟರಮ್ಮ.

"ಆಗ್ಲೇ ಕೇಳಿದೀನಿ," ಎಂದಳು ಸರೋಜ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ, "ಊರಿಗೆಲ್ಲ ಹೇಳ್ಕೊಂಡು ಬಂದ್ಯಾ? ನನ್ನ ಮಾನ ಹರಾಜು ಹಾಕಿದೆ," ಎಂದೆ.

"ಮೋರಿ ಪಕ್ಕ ಮಲಗಿದ್ರಲ್ಲ, ಅವತ್ತು ಮಾನನ ಯಾರ ಹತ್ರ ಕೊಟ್ಟಿದ್ರಿ? ಯಾರಿಗೂ ಗೊತ್ತಿಲ್ಲ ಅಂತ ತಿಳ್ಕೊಂಡಿರೋರು ನೀವೊಬ್ರೇ ರೀ," ಎಂದಳು.

ಹೀಗೆ ಶುರುವಾಯಿತು. ರಾಯರು ಸಂಜೆ ಐದೂವರೆಗೆ ಸರಿಯಾಗಿ ನನ್ನನ್ನು ಬಿಡುವುದು. ಅಂದಿನ ಸರದಿಯವರು ಪ್ರೆಸ್ಸಿನ ಬಾಗಿಲಲ್ಲಿ ಕಾದಿದ್ದು ಮನೆಯವರೆಗೆ ಜೊತೆಗೆ ಬರುವುದು. ಮಂಗಳವಾರ, ಬುಧವಾರ ಮುನಿಯಮ್ಮ. ಅರವತ್ತು ದಾಟಿದ ಜೀವ, ಬಾಯಿ ತುಂಬ ಎಲೆಅಡಿಕೆ. ಮೊದಲ ದಿನವೇ ಹೂವಿನ ಬುಟ್ಟಿ ನನ್ನ ತಲೆ ಮೇಲಿಟ್ಟಳು.

"ಸುಮ್ನೆ ನಡೆದ್ರೆ ಮನಸ್ಸು ಅತ್ಲಾಗೆ ಎಳೀತದೆ. ಕೂಗು ನನ್ನಪ್ಪ, ಮಲ್ಲಿಗೇ ಅಂತ."

"ನಾನಾ? ಕೂಗಬೇಕಾ?"

"ಮತ್ತೆ ನಾನು ಕೂಗ್ಲಾ? ನನ್ನ ಗಂಟಲು ಬಿದ್ದೋಗ್ಯದೆ."

ಮೊದಲನೆಯ ಸಾರಾಯಿ ಅಂಗಡಿಯ ಮುಂದೆಯೇ ನಾನು, "ಮಲ್ಲಿಗೇ, ಕನಕಾಂಬ್ರ!" ಎಂದು ಕೂಗುತ್ತಾ ಹೋದೆ. ಒಳಗಿದ್ದ ನನ್ನ ಹಳೆಯ ಸ್ನೇಹಿತರು ಹೊರಗೆ ಬಂದು ಬಿಟ್ಟ ಬಾಯಿ ಮುಚ್ಚದೆ ನಿಂತರು. ಒಬ್ಬ, "ಏನ್ ಮಗಾ, ಹೂವಿನ ವ್ಯಾಪಾರಾನಾ?" ಎಂದ. ಮುನಿಯಮ್ಮ ಅವನಿಗೂ ಒಂದು ಮೊಳ ಮಲ್ಲಿಗೆ ಕಟ್ಟಿಕೊಟ್ಟು, "ಇವತ್ತಾದ್ರೂ ಹೆಂಡ್ತಿ ಹತ್ರ ನೆಟ್ಟಗೆ ಹೋಗು," ಎಂದಳು.

ಬಾಷಣ್ಣನ ವಿಧಾನ ಬೇರೆ. ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ ನನ್ನನ್ನು ಕೂರಿಸಿಕೊಂಡು, ಅಂಗಡಿ ಹತ್ತಿರ ಬರುತ್ತಿದ್ದಂತೆ, "ಬಿಗಿಯಾಗಿ ಹಿಡ್ಕೊ ಗುರು!" ಎಂದು ಗಂಟೆ ಬಾರಿಸುತ್ತಾ ಬಾಣದಂತೆ ದಾಟಿಬಿಡುತ್ತಿದ್ದ. ಕಮಲಮ್ಮನವರದು ಇನ್ನೊಂದು ರೀತಿ. ಬಿಸಿಲಿರಲಿ ಮಳೆಯಿರಲಿ ಕೊಡೆ ಹಿಡಿದು, ಪ್ರಶ್ನೆಪತ್ರಿಕೆಯಲ್ಲಿ ನಾನು ಬಿಟ್ಟ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಾ ಬರುತ್ತಿದ್ದರು. ಆ ಭಯಕ್ಕೆ ಸಾರಾಯಿಯ ನೆನಪೇ ಬರುತ್ತಿರಲಿಲ್ಲ.

ಶನಿವಾರ ಮೂರ್ತಿ. ಅವರು ಬ್ಯಾಂಕಿಗೆ ಇನ್ನೂ ರಜೆಯಲ್ಲಿದ್ದರು. ಬಸವೇಶ್ವರನಗರದಿಂದ ಟೋಲ್‌ಗೇಟಿಗೆ ನಡೆದು ಬರುವುದು ಅವರಿಗೆ ಡಾಕ್ಟರಮ್ಮ ಹೇಳಿದ ವ್ಯಾಯಾಮ. ನಾವಿಬ್ಬರೂ ಮಾತೇ ಆಡುತ್ತಿರಲಿಲ್ಲ. ಮೂಗಿಗೆ ಆ ವಾಸನೆ ಬಡಿದು ನನ್ನ ಹೆಜ್ಜೆ ನಿಧಾನವಾದಾಗ ಅವರ ಹೆಜ್ಜೆಯೂ ನಿಧಾನವಾಗುತ್ತಿತ್ತು. ನಾನು ನಿಂತರೆ ಅವರೂ ನಿಲ್ಲುತ್ತಿದ್ದರು. ಎಳೆಯುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನೇ ಮುಂದೆ ಹೊರಡುತ್ತಿದ್ದೆ.

ಆಯುಧಪೂಜೆಯ ದಿನ ನಾನು ಬಿದ್ದೆ. ಬೆಳಿಗ್ಗೆ ಮೆಷೀನಿಗೆ ಪೂಜೆ, ಕುಂಬಳಕಾಯಿ ಒಡೆದದ್ದು, ಕಡ್ಲೆಪುರಿ ಹಂಚಿದ್ದು ಎಲ್ಲ ಆಯಿತು. ರಾಯರು ಮನೆಗೆ ಹೋದರು. ಹಬ್ಬದ ದಿನವಾದ್ದರಿಂದ ಸರದಿಯವರು ಯಾರೂ ಇರಲಿಲ್ಲ. ಮಧ್ಯಾಹ್ನವೇ ಒಬ್ಬನೇ ಮನೆಗೆ ಹೋಗುತ್ತೇನೆಂದು ನಾನೇ ಎಲ್ಲರಿಗೂ ಹೇಳಿದ್ದೆ. ಪಕ್ಕದ ವರ್ಕ್‌ಶಾಪಿನವರು, "ಹಬ್ಬಕ್ಕೊಂದು ಗುಟುಕು, ಬಾ," ಎಂದರು. ಒಂದು ಗುಟುಕಿನಿಂದ ಏನಾದೀತು ಎಂದುಕೊಂಡೆ. ಒಂದು ಗುಟುಕಿನಿಂದ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಮನೆಗೆ ಹೇಗೆ ಬಂದೆನೋ ತಿಳಿಯದು. ಮಾರನೆಯ ದಿನ ಎದ್ದಾಗ ಸರೋಜ ನನಗೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದಳು. ಹೊರಗೆ ಹೋಗೋಣವೆಂದರೆ ಚಪ್ಪಲಿ ಇರಲಿಲ್ಲ. ಮನೆಯೆಲ್ಲ ಹುಡುಕಿದೆ. ಕೊನೆಗೆ ವೀಣಾಳ ಸ್ಕೂಲ್ ಬ್ಯಾಗಿನಲ್ಲಿ, ಪುಸ್ತಕಗಳ ಮಧ್ಯೆ ಸಿಕ್ಕವು.

"ಚಪ್ಪಲಿ ಇಲ್ದಿದ್ರೆ ಅಪ್ಪ ಎಲ್ಲೂ ಹೋಗಲ್ಲ ಅಂತ," ಎಂದು ಹೇಳಿ ಅವಳು ಅಮ್ಮನ ಸೆರಗಿನ ಹಿಂದೆ ಅವಿತುಕೊಂಡಳು. ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಎಲ್ಲ ಮುಗಿಯಿತು, ಇನ್ನು ಯಾರಿಗೂ ಮುಖ ತೋರಿಸಲಾರೆ ಎನ್ನಿಸಿತು.

ಹತ್ತು ಗಂಟೆಗೆ ಮುನಿಯಮ್ಮ ಬಂದಳು. ಅವಳಿಗೆ ಯಾರು ಹೇಳಿದರೋ! ನಾನು ತಲೆ ಎತ್ತಲಿಲ್ಲ. "ನಾಳೆಯಿಂದ ಬರಬೇಡ ಮುನಿಯಮ್ಮ. ನಿನ್ನ ಶ್ರಮ ಎಲ್ಲಾ ನೀರಲ್ಲಿ ಹೋಮ," ಎಂದೆ.

"ಒಂದು ದಿನದ ಹೂವು ಬಾಡ್ತು ಅಂತ ಯಾರಾದ್ರೂ ಗಿಡ ಕೀಳ್ತಾರಾ? ಏಳು, ಮುಖ ತೊಳ್ಕೊ. ಹಬ್ಬದ ದಿನ ಹೊಸ್ತಿಲ ಮೇಲೆ ಕೂತ್ಕೋಬಾರ್ದು," ಎಂದಳು.

ಸ್ವಲ್ಪ ಹೊತ್ತಿಗೆ ಮೂರ್ತಿಯೂ ಬಂದರು. ನಿಂತೇ ಇದ್ದರು. "ನಂಜುಂಡಪ್ಪನೋರೆ, ನಾನು ಹೋದ ವಾರದಿಂದ ಮಾತ್ರೆ ನುಂಗ್ತಿಲ್ಲ. ನಾಚಿಕೆಯಾಗಿ ಅಮ್ಮನಿಗೂ ಹೇಳಿಲ್ಲ. ನಾಳೆ ನೀವು ಡಾಕ್ಟ್ರ ಹತ್ರ ಹೋಗೋದಾದ್ರೆ ನಾನೂ ಬರ್ತೀನಿ. ಒಬ್ನೇ ಹೋಗೋಕೆ ಭಯ."

ಅವರ ಬಾಯಲ್ಲಿ ಅಷ್ಟು ಉದ್ದದ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಮಾರನೆಯ ದಿನ ಇಬ್ಬರೂ ಹೋದೆವು. ಡಾಕ್ಟರಮ್ಮ ಇಬ್ಬರನ್ನೂ ಒಟ್ಟಿಗೆ ಕೂರಿಸಿ, "ಬಂದ್ರಲ್ಲ, ಅದೇ ದೊಡ್ಡದು," ಎಂದರು. ಇದನ್ನು ಓದುತ್ತಿರುವವರಲ್ಲಿ ಹೀಗೆ ಬಿದ್ದು ಹೊಸ್ತಿಲ ಮೇಲೆ ಕೂತವರಿದ್ದರೆ ಅವರಿಗೆ ನಾನು ಹೇಳುವುದೂ ಇಷ್ಟೇ. ಬಿದ್ದದ್ದನ್ನು ಮುಚ್ಚಿಡಬೇಡಿ. ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಅಂದಿನಿಂದ ನಾನು ಕುಡಿದಿಲ್ಲ.

ಧನುರ್ಮಾಸದಲ್ಲಿ ಒಂದು ಶನಿವಾರ ಮೂರ್ತಿ ಬರಲಿಲ್ಲ. ಮುಂದಿನ ಶನಿವಾರವೂ ಇಲ್ಲ. ಅವರ ಮನೆಗೆ ಹೋದೆ. ಗೋಡೆ ಕಡೆ ತಿರುಗಿ ಮಲಗಿದ್ದರು. ಮಾತ್ರೆ ನುಂಗುತ್ತಿದ್ದಾರೆ, ಡಾಕ್ಟರಮ್ಮನೂ ನೋಡಿದ್ದಾರೆ, ಆದರೆ ಏಳುವುದಿಲ್ಲ ಎಂದು ತಾಯಿ ಕಣ್ಣೊರೆಸಿಕೊಂಡರು. ನಾನು ಮಂಚದ ಪಕ್ಕ ಕೂತೆ. ಧೈರ್ಯ ಹೇಳುವ ಮಾತುಗಳೆಲ್ಲ ನನಗೇ ಎಷ್ಟು ಬೇಸರ ತರಿಸಿದ್ದವು! ಜೇಬಿನಲ್ಲಿ ಒಂದು ಮದುವೆ ಕರೆಯೋಲೆಯ ಪ್ರೂಫ್ ಇತ್ತು. ಬೆಳಿಗ್ಗೆಯಷ್ಟೇ ತೆಗೆದದ್ದು, ಸೋಮವಾರ ಅಚ್ಚಿಗೆ ಹೋಗಬೇಕಿತ್ತು. ಅದನ್ನೇ ಓದತೊಡಗಿದೆ. ಓದಿ ಮುಗಿಸಿ ಅವರ ದಿಂಬಿನ ಪಕ್ಕ ಇಟ್ಟು, "ಒಂದ್ಸಲ ಕಣ್ಣಾಡಿಸಿ ಮೂರ್ತಿಗಳೇ. ನನ್ನ ಕಣ್ಣಿಗೆ ತಪ್ಪು ಸಿಗ್ತಿಲ್ಲ," ಎಂದೆ.

ತಾಯಿ ಕೊಟ್ಟ ಕಾಫಿ ಕುಡಿದೆ. ಆಮೇಲೆ ಒಂದು ಕೈ ನಿಧಾನವಾಗಿ ಬಂದು ಹಾಳೆ ತೆಗೆದುಕೊಂಡಿತು. ಸ್ವಲ್ಪ ಹೊತ್ತಿಗೆ ಅವರ ಬೆನ್ನು ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾನು ಗಾಬರಿಯಾಗಿ ಬಗ್ಗಿ ನೋಡಿದರೆ, ನಗುತ್ತಿದ್ದರು.

"ಮಾಂಗಲ್ಯದಾರುಣ," ಎಂದರು.

"ಏನು?"

"ಮಾಂಗಲ್ಯಧಾರಣ ಆಗಬೇಕಾದ್ದು. ಮಾಂಗಲ್ಯದಾರುಣ ಅಂತ ಜೋಡಿಸಿದೀರ. ಸತ್ಯವೇ ಇರಬಹುದು, ಆದರೆ ಹುಡುಗಿ ಅಪ್ಪ ಒಪ್ಪಲ್ಲ." ಎದ್ದು ಕೂತು ಮತ್ತೆ ನಕ್ಕರು. "ಅಮ್ಮ, ಪೆನ್ನು ಕೊಡು."

ನಾನು ಬೇಕೆಂದೇ ತಪ್ಪು ಮಾಡಿದ್ದೆನೆಂದು ಅವರ ತಾಯಿ ಕೊನೆಯವರೆಗೂ ನಂಬಿದ್ದರು. ಅಷ್ಟು ಜಾಣತನ ನನಗೆಲ್ಲಿಂದ ಬರಬೇಕು? ಅದು ನನ್ನ ಅಪ್ಪಟ ತಪ್ಪು. ಅಂದಿನಿಂದ ಪ್ರೆಸ್ಸಿನ ಪ್ರೂಫುಗಳೆಲ್ಲ ಮೊದಲು ಮೂರ್ತಿಯ ಮನೆಗೆ ಹೋಗತೊಡಗಿದವು. ಯುಗಾದಿಯ ಹೊತ್ತಿಗೆ ಅವರು ಬ್ಯಾಂಕಿಗೆ ಮರಳಿದರು. ಪ್ರೂಫ್ ನೋಡುವುದನ್ನು ಮಾತ್ರ ಬಿಡಲಿಲ್ಲ.

ಅಷ್ಟರಲ್ಲಿ ದಾರಿಯಲ್ಲಿ ನಮ್ಮನ್ನು ತಡೆದು ಕೇಳುವವರು ಹುಟ್ಟಿಕೊಂಡಿದ್ದರು. ಸುಂಕದಕಟ್ಟೆಯ ಒಬ್ಬಳು ಹೆಂಗಸು, ತನ್ನ ಗಂಡನನ್ನೂ ಹೀಗೇ ನಡೆಸಿಕೊಂಡು ಬರಬಹುದೇ ಎಂದು ಮುನಿಯಮ್ಮನನ್ನು ಕೇಳಿದಳು. ಲಾರಿ ಓಡಿಸುವ ಚಿಕ್ಕಣ್ಣ ಎಂಬವನು ಬಾಷಣ್ಣನ ಅಂಗಡಿಗೆ ಬಂದು, ಪಂಕ್ಚರ್ ಹಾಕಿಸುವ ನೆಪದಲ್ಲಿ ತನ್ನ ಕಥೆ ಹೇಳಿಕೊಂಡ. ಸೈಕಲ್ ಅಂಗಡಿಗೆ ಲಾರಿಯ ಪಂಕ್ಚರ್! ಮಾತು ಬಿಟ್ಟ ಮಗಳನ್ನು ಮನೆಯಲ್ಲೇ ಬಚ್ಚಿಟ್ಟುಕೊಂಡಿದ್ದ ಒಬ್ಬ ತಾಯಿ ಮೂರ್ತಿಯ ತಾಯಿಯ ಹತ್ತಿರ ಬಂದರು. ಇಂಥ ಮಾತನ್ನು ರಸ್ತೆಯಲ್ಲಿ ನಿಂತು ಆಡಲಾಗುವುದಿಲ್ಲ. ಕಮಲಮ್ಮನವರು ಭಾನುವಾರ ಬೆಳಿಗ್ಗೆ ಶಾಲೆಯ ಒಂದು ಕೋಣೆ ತೆರೆದುಕೊಟ್ಟರು. ತಿಂಗಳಿಗೊಮ್ಮೆ ಡಾಕ್ಟರಮ್ಮನೂ ಬರುತ್ತಿದ್ದರು. ಉಳಿದ ಭಾನುವಾರ ನಾವೇ. ಯಾರೂ ಉಪದೇಶ ಮಾಡಬಾರದು, ಹೇಳಿಕೊಂಡದ್ದನ್ನು ಹೊರಗೆ ಆಡಬಾರದು ಎನ್ನುವುದಷ್ಟೇ ನಮ್ಮ ಕಟ್ಟಳೆ.

ಆರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಶಾಲಾ ಸಮಿತಿಗೆ ಯಾರೋ ದೂರು ಕೊಟ್ಟರು. ಮಕ್ಕಳು ಕೂರುವ ಜಾಗದಲ್ಲಿ ಕುಡುಕರು, ಹುಚ್ಚರು ಸೇರುತ್ತಾರೆ, ಇದನ್ನು ನಿಲ್ಲಿಸಬೇಕು ಎಂದು. ಕಮಲಮ್ಮನವರು ಸಮಿತಿಯ ಅಧ್ಯಕ್ಷರಿಗೆ ಒಂದೇ ಮಾತು ಹೇಳಿದರಂತೆ: "ಒಂದು ಭಾನುವಾರ ಬಂದು ಕೂತ್ಕೊಂಡು ನೋಡಿ. ಆಮೇಲೆ ನಿಲ್ಲಿಸಿ ಅಂದ್ರೆ ನಿಲ್ಲಿಸ್ತೀನಿ." ಕೋಣೆ ಹೋದರೆ ನಾವೆಲ್ಲ ಮತ್ತೆ ನಮ್ಮ ನಮ್ಮ ಮನೆಯ ಕತ್ತಲೆಗೆ ಹೋದಂತೆಯೇ. ಆ ವಾರ ಯಾರಿಗೂ ಊಟ ಸೇರಲಿಲ್ಲ.

ಅಧ್ಯಕ್ಷರು ಬಂದರು. ಸಿಮೆಂಟ್ ವ್ಯಾಪಾರಿ, ಭಾರೀ ಆಳು, ಬಿಳಿ ಜುಬ್ಬಾ, ಕೈಯಲ್ಲಿ ಟೋಪಿ. ಕಮಲಮ್ಮನವರು ಕೊಟ್ಟಿದ್ದು ಒಂದನೇ ತರಗತಿಯ ಕೋಣೆ. ಬೆಂಚುಗಳು ಆರು ವರ್ಷದ ಮಕ್ಕಳ ಅಳತೆಯವು. ನಾವು ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತು ಅಭ್ಯಾಸವಾದವರು. ಅವರು ಮುಂದಿನ ಬೆಂಚಿಗೂ ಡೆಸ್ಕಿಗೂ ನಡುವೆ ಹೇಗೋ ತೂರಿಕೊಂಡು ಕೂತರು.

ಚಿಕ್ಕಣ್ಣ ಮಾತಾಡಿದ. ಮಗಳನ್ನು ಬಚ್ಚಿಟ್ಟಿದ್ದ ಆ ತಾಯಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾತಾಡಿದರು. ಅಧ್ಯಕ್ಷರ ಮುಖ ಬಿಗಿದೇ ಇತ್ತು. "ನೋಡಿ, ನಿಮ್ಮ ಕಷ್ಟ ನನಗರ್ಥ ಆಗುತ್ತೆ. ಆದರೆ ಇದು ವಿದ್ಯಾಮಂದಿರ," ಎನ್ನುತ್ತಾ ಏಳಲು ಹೋದರು. ಏಳಲಾಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಬೆಂಚು, ಡೆಸ್ಕು ಎರಡೂ ಅವರ ಜೊತೆಗೇ ಎದ್ದವು.

"ಸಾರ್, ರಿವರ್ಸ್ ತಗೊಳ್ಳಿ," ಎಂದ ಚಿಕ್ಕಣ್ಣ, ಲಾರಿಗೆ ಹೇಳುವ ಹಾಗೆ. ಅವನು ಒಂದು ತೋಳು ಹಿಡಿದ, ಮೂರ್ತಿ ಇನ್ನೊಂದು. ನಾನು ಡೆಸ್ಕು ಹಿಡಿದೆ. "ಎಡಕ್ಕೆ, ಎಡಕ್ಕೆ... ಬರ್ಲಿ, ಬರ್ಲಿ..." ಪಟ್ಟನೆ ಬಿಡುಗಡೆಯಾಗಿ ಅಧ್ಯಕ್ಷರು ಚಿಕ್ಕಣ್ಣನ ಎದೆಗೆ ಒರಗಿದರು. ಮೊದಲು ನಕ್ಕಿದ್ದು ಅಧ್ಯಕ್ಷರೇ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಮ್ಮನ್ನು ಹಿಡಿಯುವವರು ಯಾರು? ಅಲ್ಲಿಯವರೆಗೆ ಒಂದು ಸಲವೂ ತುಟಿ ಬಿಚ್ಚದಿದ್ದ ಆ ಹುಡುಗಿಯೂ ಅಮ್ಮನ ಭುಜಕ್ಕೆ ಮುಖ ಒತ್ತಿ ನಕ್ಕಳು.

ನಗು ಇಳಿಯುವ ಹೊತ್ತಿಗೆ ಸರೋಜ ಎದ್ದು ನಿಂತಿದ್ದಳು. ಆರು ತಿಂಗಳಲ್ಲಿ ಅವಳು ಅಲ್ಲಿ ಒಂದು ದಿನವೂ ಮಾತಾಡಿರಲಿಲ್ಲ.

"ಸಾರ್, ನನಗೆ ಭಾಷಣ ಬರಲ್ಲ," ಎಂದಳು. "ನಮ್ಮ ಬೀದೀಲಿ ಎಲ್ರೂ ಹೇಳ್ತಿದ್ರು, ಸರೋಜಮ್ಮನಿಗೆ ಹಾಡು ಅಂದ್ರೆ ಪ್ರಾಣ, ಅವರ ಮನೇಲಿ ಯಾವಾಗ್ಲೂ ರೇಡಿಯೋ ಜೋರಾಗಿ ಹಾಡ್ತಿರುತ್ತೆ ಅಂತ. ಒಂದು ಹಾಡೂ ನನ್ನ ಕಿವಿಗೆ ಬಿದ್ದಿಲ್ಲ ಸಾರ್. ಇವರು ಕುಡಿದು ಕೂಗಾಡೋದು, ನಾನು ಅಳೋದು, ಮಗು ಕಿರಿಚೋದು ಪಕ್ಕದ ಮನೆಗೆ ಕೇಳಿಸಬಾರ್ದು ಅಂತ ಹಾಕ್ತಿದ್ದೆ. ಒಂಬತ್ತು ವರ್ಷ ಹಾಗೇ ಮಾಡ್ದೆ. ಆಮೇಲೆ ಒಂದಿನ ಸಾಕಾಗಿ, ಮುನಿಯಮ್ಮನ ಹತ್ರ ಹೇಳ್ಬಿಟ್ಟೆ. ಬಾಷಣ್ಣನಿಗೆ ಹೇಳ್ದೆ. ಮೇಡಮ್ಮಿಗೆ ಹೇಳ್ದೆ. ಯಾರೂ ನಗಲಿಲ್ಲ." ಸೆರಗು ಸರಿಮಾಡಿಕೊಂಡು, "ಈಗ್ಲೂ ರೇಡಿಯೋ ಹಾಕ್ತೀನಿ. ಮೆಲ್ಲಗೆ. ಈಗ ಕೇಳೋಕೆ ಹಾಕ್ತೀನಿ ಸಾರ್," ಎಂದು ಕೂತಳು.

ನಾನು ತಲೆ ಬಗ್ಗಿಸಿದೆ. "ಆ ದರಿದ್ರ ರೇಡಿಯೋ ಆರಿಸೇ!" ಎಂದು ಎಷ್ಟು ಸಲ ಅರಚಿದ್ದೆನೋ! ಅದು ಯಾಕೆ ಅಷ್ಟು ಜೋರಾಗಿರುತ್ತಿತ್ತೆಂದು ನನಗೆ ತಿಳಿದದ್ದು ಅಂದು, ಎಲ್ಲರ ಜೊತೆಗೆ.

ಅಧ್ಯಕ್ಷರು ಟೋಪಿಯನ್ನು ತಲೆಗಿಟ್ಟುಕೊಂಡರು. ಕಮಲಮ್ಮನವರ ಕಡೆ ತಿರುಗಿದರು.

"ಮೇಡಂ, ಈ ಕೋಣೇಲಿ ಇದನ್ನ ನಡೆಸೋ ಹಾಗಿಲ್ಲ."

ಕಮಲಮ್ಮನವರ ಮುಖ ಕಪ್ಪಿಟ್ಟಿತು.

"ಏಳನೇ ಕ್ಲಾಸಿನ ಕೋಣೆ ಕೊಡಿ. ಅಲ್ಲಿ ಬೆಂಚು ದೊಡ್ಡದಿದೆ. ಮುಂದಿನ ವಾರ ನಾನೂ ಒಬ್ಬರನ್ನ ಕರ್ಕೊಂಡು ಬರ್ಬೇಕು. ನಮ್ಮ ತಮ್ಮ ನನಗಿಂತ ದಪ್ಪ."

ಶಾಲೆಯಿಂದ ಹೊರಗೆ ಬಂದಾಗ ಹನ್ನೆರಡರ ಬಿಸಿಲು. ಮನೆ ಕಡೆ ತಿರುಗಬೇಕಾದಲ್ಲಿ ಸರೋಜ ನಿಂತಳು. "ರೀ, ಹೋಟೆಲಿಗೆ ಹೋಗೋಣ್ವಾ? ನನಗೆ ಮಸಾಲೆ ದೋಸೆ ತಿನ್ನಬೇಕು ಅನ್ನಿಸ್ತಿದೆ," ಎಂದಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಏನಾದರೂ ಬೇಕೆಂದು ಕೇಳಿದ್ದು ನನಗೆ ನೆನಪಿರಲಿಲ್ಲ. ನನ್ನ ಕಣ್ಣು ಮಂಜಾಯಿತು. ವೀಣಾ ಆಗಲೇ ಹೋಟೆಲಿನ ಕಡೆ ಓಡುತ್ತಿದ್ದಳು.

ಕಿಟಕಿ ಪಕ್ಕದ ಮೇಜಿನಲ್ಲಿ ಮೂವರೂ ಕೂತೆವು. ದೋಸೆ ಬಂತು. ಸರೋಜ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡವಳು, ಇದ್ದಕ್ಕಿದ್ದಂತೆ ಕೈ ಬಾಯಿಗೆ ಅಡ್ಡ ಹಿಡಿದಳು. "ರಿವರ್ಸ್ ತಗೊಳ್ಳಿ ಸಾರ್..." ಎಂದು ಹೇಳಲು ಹೋಗಿ ನಗು ತಡೆಯಲಾರದೆ ಕೆಮ್ಮಿದಳು. ಅವಳನ್ನು ನೋಡಿ ವೀಣಾ ನಗಲು ಶುರುಮಾಡಿದಳು. ನನಗೂ ತಡೆಯಲಾಗಲಿಲ್ಲ. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡಲಿ ಎನ್ನಿಸಿತು.

ಸಪ್ಲೈಯರ್ ಓಡಿ ಬಂದು ನೀರು ಇಟ್ಟ. "ಇನ್ನೇನ್ ಬೇಕು ಸಾರ್?" ಎಂದು ನನ್ನನ್ನು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಸರೋಜ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು.

"ಇನ್ನೊಂದು ಮಸಾಲೆ ದೋಸೆ. ಅದನ್ನೂ ನಾನೇ ತಿಂತೀನಿ."